ಇಲ್ಲದ ಕ್ಲಬ್ಬಿನ ಲೆಫ್ಟ್ ಬ್ಯಾಕ್

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ನಮ್ಮ ರೂಮಿನಲ್ಲಿ ಜೋರು ಜಗಳವಾಯಿತು. ವಿಷಯ ಏನೆಂದರೆ, 2018ರ ಮಾರ್ಚ್ 11ರಂದು ಕಂಠೀರವ ಕ್ರೀಡಾಂಗಣದಲ್ಲಿ ಎಫ್‌ಸಿ ಪುಣೆ ಸಿಟಿ ಸೋತದ್ದು ಯಾಕೆ? ಏಳು ವರ್ಷ ಹಳೆಯ ಪಂದ್ಯ. ಸೋತ ಕ್ಲಬ್ಬು ಈಗ ಇಲ್ಲ. ಆದರೂ ಕುಕ್ಕರಿನಲ್ಲಿದ್ದ ಅನ್ನ ಪೂರ್ತಿ ಆರುವವರೆಗೆ ಆ ತಂಡದ ಲೆಫ್ಟ್ ಬ್ಯಾಕ್ ಎಲ್ಲಿ ನಿಲ್ಲಬೇಕಿತ್ತು ಎಂದು ವಾದ ಮಾಡಿದೆವು. ಸ್ಟೀಲ್ ಲೋಟ ಬಾಟಲಿಗಳನ್ನು ನೆಲದ ಮೇಲೆ ಸರಿಸಿ ಸರಿಸಿ ತೋರಿಸಿದೆವು. ಉಪ್ಪಿನ ಡಬ್ಬಿ ಛೇತ್ರಿಯಾಗಿತ್ತು.

ಕುರಕುಂಭ ಪುಣೆ–ಸೋಲಾಪುರ ರಸ್ತೆಯಲ್ಲಿ, ದೌಂಡಿನ ಹತ್ತಿರ ಬರುವ ಊರು. ಗುಡ್ಡದ ಮೇಲೆ ಫಿರಂಗಾಯಿ ದೇವಿಯ ಗುಡಿ, ಕೆಳಗೆ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳು. ರೂಮಿನಲ್ಲಿ ನಾವು ನಾಲ್ಕು ಜನ. ಸಂಡೂರಿನವನು, ವಿಜಯಪುರದವನು, ಕಲಬುರಗಿಯವನು, ಹಲಸೂರಿನ ನಾನು. ನಾಲ್ವರದೂ ಬೇರೆ ಬೇರೆ ಪ್ಲಾಂಟು, ಬೇರೆ ಬೇರೆ ಶಿಫ್ಟು. ಹೀಗಾಗಿ ನಾಲ್ವರೂ ಒಟ್ಟಿಗೆ ಎಚ್ಚರವಿರುವ ಹೊತ್ತು ವಾರಕ್ಕೆ ಹೆಚ್ಚೆಂದರೆ ಆರೇಳು ಗಂಟೆ. ಅದರಲ್ಲಿ ಅರ್ಧ ಫುಟ್‌ಬಾಲ್ ಜಗಳಕ್ಕೆ ಹೋಗುತ್ತದೆ.

ಈ ಪತ್ರಿಕೆಯಲ್ಲಿ ಕತೆ, ಕವನ, ಸಿನಿಮಾಗಳ ವಿಮರ್ಶೆ ಬರುತ್ತದೆ. ಫುಟ್‌ಬಾಲ್ ಅಭಿಮಾನಿಗಳ ವಾದವನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದು ನಾನು ನೋಡಿಲ್ಲ. ಎತ್ತಿಕೊಳ್ಳಬೇಕು ಅನ್ನಿಸಿದೆ. ಅದೂ ಒಂದು ಪ್ರಕಾರವೇ. ಅದಕ್ಕೂ ಭಾಷೆಯಿದೆ, ರೂಢಿಯಿದೆ, ಸುಳ್ಳುಗಳಿವೆ. ಇಷ್ಟು ವರ್ಷ ಅದರೊಳಗೇ ಇದ್ದವನಾಗಿ ನನಗೆ ಅದರ ಮೇಲೆ ಒಂದು ತಕರಾರೂ ಇದೆ.

ಮೊದಲು ಆ ಪಂದ್ಯದ ಮಾತು ಮುಗಿಸುತ್ತೇನೆ. 2017–18ರ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಸುತ್ತು ಮಾರ್ಚ್ 7ರಂದು ಪುಣೆಯ ಬಾಳೆವಾಡಿಯಲ್ಲಿ. ನಾನು ಹೋಗಿದ್ದೆ. ಕುರಕುಂಭದಿಂದ ಬಾಳೆವಾಡಿ ಅಂದರೆ ಹೆಚ್ಚು ಕಡಿಮೆ ನೂರು ಕಿಲೋಮೀಟರ್. ಬುಧವಾರ ಬೇರೆ. ಅರ್ಧ ದಿನ ರಜೆ ಹಾಕಿ, ದೌಂಡಿನಿಂದ ರೈಲು ಹಿಡಿದು, ಅಲ್ಲಿಂದ ಸಿಟಿ ಬಸ್ಸು. ಪಂದ್ಯ 0–0. ರಾತ್ರಿ ಪುಣೆ ಸ್ಟೇಷನ್ನಿನಲ್ಲಿ ಕೂತು ಬೆಳಗಾಗಿಸಿದೆ. ಬೆಂಗಳೂರು ಎಫ್‌ಸಿಗೆ ಅದು ಐಎಸ್‌ಎಲ್‌ನ ಮೊದಲ ವರ್ಷ, ಅಂಕಪಟ್ಟಿಯಲ್ಲಿ ಮೊದಲ ಸ್ಥಾನ. ಪುಣೆ ನಾಲ್ಕನೆಯದು. ಅದು ಅವರು ಆಡಿದ ಮೊದಲ ಸೆಮಿಫೈನಲ್, ಕೊನೆಯದೂ ಅದೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಬೆಂಗಳೂರಿನಲ್ಲಿ ಛೇತ್ರಿ ಮೂರು ಗೋಲು ಹೊಡೆದರು, ಅದರಲ್ಲಿ ಒಂದು ಪೆನಾಲ್ಟಿ. ಪುಣೆಗೆ ಜೊನಾಥನ್ ಲೂಕಾ ಒಂದು ಹೊಡೆದ. 3–1.

ಬಾಳೆವಾಡಿಯಲ್ಲಿ ನಾನು ಕೂತದ್ದು ಪುಣೆಯವರ ಸ್ಟ್ಯಾಂಡಿನಲ್ಲಿ, ಆರೆಂಜ್ ಆರ್ಮಿಯ ಪಕ್ಕ. ಮನಸ್ಸಿನಲ್ಲಿ ಬೆಂಗಳೂರು, ಟಿಕೆಟ್ಟಿನಲ್ಲಿ ಪುಣೆ. ವಲಸೆ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷ ಒಂದು ಊರಿನ ನೀರು ಕುಡಿದರೆ ಆ ಊರಿನ ತಂಡ ಸೋತಾಗಲೂ ಸ್ವಲ್ಪ ಚುಚ್ಚುತ್ತದೆ.

ಈಗ ಜಗಳದ ಭಾಷೆಗೆ ಬರೋಣ. ಕಲಬುರಗಿಯವನು ಓದಿಕೊಂಡವನು. ಇಂಗ್ಲಿಷ್ ಪ್ರೀಮಿಯರ್ ಲೀಗಿನ ವಿಶ್ಲೇಷಣೆಯ ವಿಡಿಯೊಗಳನ್ನು ನೈಟ್ ಶಿಫ್ಟ್ ಮುಗಿಸಿ ಬಂದು ನೋಡುತ್ತಾನೆ. ಅವನ ಬಾಯಲ್ಲಿ ಹಾಫ್ ಸ್ಪೇಸ್, ಹೈ ಲೈನ್, ಲೋ ಬ್ಲಾಕ್, ಡಬಲ್ ಪಿವೊಟ್. ಆ ಸೆಮಿಫೈನಲ್ ಬಗ್ಗೆ ಅವನು ಹೇಳಿದ್ದು: "ಪುಣೆದು ಬ್ಯಾಕ್ ಲೈನ್ ಕಾಂಪ್ಯಾಕ್ಟ್ ಇರಲಿಲ್ಲ, ಹಾಫ್ ಸ್ಪೇಸ್ ಓಪನ್ ಆಯ್ತು." ವಿಜಯಪುರದವನು ಇದನ್ನು ಕೇಳಿ ಲೋಟ ಎತ್ತಿಕೊಂಡು ಹೇಳಿದ: "ಮಿಕು ಎತ್ತಿನ ಹಂಗ ಮುಂದ ನಿಂತು ಇಬ್ಬರನ್ನ ಎಳಕೊಂಡ ಹೋಗ್ತಾನ. ಆ ಸಂದ್ಯಾಗ ಛೇತ್ರಿ ಎಡಗಡಿಂದ ನುಗ್ಗತಾನ. ಇಷ್ಟ."

ಇಬ್ಬರೂ ಹೇಳಿದ್ದು ಒಂದೇ. ಆದರೆ ಎರಡನೆಯ ಮಾತಿನಲ್ಲಿ ಆಟಗಾರರು ಇದ್ದಾರೆ, ಅವರು ಚಲಿಸುತ್ತಾರೆ, ಒಬ್ಬನ ಚಲನೆಯಿಂದ ಇನ್ನೊಬ್ಬನಿಗೆ ಜಾಗ ಸಿಗುತ್ತದೆ. ಮೊದಲನೆಯದರಲ್ಲಿ ಜಾಗ ತಾನಾಗಿಯೇ ತೆರೆದುಕೊಂಡುಬಿಡುತ್ತದೆ, ಯಾರೂ ತೆರೆದಂತಿಲ್ಲ. ಆ ವರ್ಷ ವೆನೆಜುವೆಲಾದ ಮಿಕು ಮತ್ತು ಛೇತ್ರಿ ಸೇರಿ ಹೊಡೆದ ಗೋಲುಗಳನ್ನು ಅರ್ಥ ಮಾಡಿಕೊಳ್ಳಲು ವಿಜಯಪುರದ ಆ ಎರಡು ವಾಕ್ಯ ಸಾಕು. "ಸಂದಿ" ಎಂಬ ಪದವನ್ನು ನಾವು ಮರೆತೇಬಿಟ್ಟಿದ್ದೆವು. ಕಬಡ್ಡಿ ಆಡುತ್ತಾ ಬೆಳೆದವರಿಗೆ ಸಂದಿ ಹುಡುಕುವುದು, ಮೂಲೆಗೆ ಒತ್ತುವುದು, ಎಳೆದು ಬಿಡುವುದು ಹೇಳಿಕೊಡಬೇಕಾದ ವಿಷಯಗಳಲ್ಲ. ಆದರೆ ಫುಟ್‌ಬಾಲ್ ಮಾತಾಡುವಾಗ ಆ ಪದಗಳು ನಾಚಿಕೊಂಡು ಹಿಂದೆ ನಿಲ್ಲುತ್ತವೆ.

ಇಂಗ್ಲಿಷ್ ಪದ ಬಳಸಬೇಡಿ ಎಂದು ನಾನು ಹೇಳುತ್ತಿಲ್ಲ. ಆಫ್‌ಸೈಡ್‌ಗೆ ಕನ್ನಡ ಹುಡುಕುವುದು ಯಾರಿಗೂ ಬೇಡದ ಕೆಲಸ. ತಕರಾರು ಏನೆಂದರೆ, ಈ ಸಿದ್ಧ ಪದಗಳು ಬಂದಮೇಲೆ ನಾವು ಪಂದ್ಯ ನೋಡುವುದು ಕಡಿಮೆಯಾಗಿದೆ, ಪದಕ್ಕೆ ಪಂದ್ಯವನ್ನು ಹೊಂದಿಸುವುದು ಹೆಚ್ಚಾಗಿದೆ. ನಾನೂ ಇದರಲ್ಲಿ ಪಾಲುದಾರ. ಕಾರ್ಲೆಸ್ ಕ್ವಾದ್ರಾತ್ ಬೆಂಗಳೂರಿನ ಕೋಚ್ ಆಗಿದ್ದಾಗ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ಗೋಲು ಕಾರ್ನರ್, ಫ್ರೀ ಕಿಕ್, ಥ್ರೋಗಳಿಂದ ಬಂದವು, ಎಷ್ಟು ಆಟದ ನಡುವೆ ಬಂದವು ಎಂದು ಗೆರೆ ಹಾಕುತ್ತಿದ್ದೆ. 2019ರ ಮಾರ್ಚ್ 17ರ ಫೈನಲ್ ಕೂಡ ಹಾಗೆಯೇ ಮುಗಿಯಿತಲ್ಲ. ಮುಂಬೈಯಲ್ಲಿ ಗೋವಾ ವಿರುದ್ಧ, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆಯ ತಲೆ. ಬೆಂಗಳೂರು ಚಾಂಪಿಯನ್. ನಾನು ಮಾತ್ರ ಮರುದಿನ "ಇದು ಆಟವಲ್ಲ, ಲೆಕ್ಕಾಚಾರ" ಎಂದು ವಾದಿಸುತ್ತಿದ್ದೆ. ಎರಡು ವರ್ಷದ ನಂತರ ತಂಡ ಸತತ ಸೋತು, 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದರು. ಆ ವರ್ಷ ಏಳನೇ ಸ್ಥಾನ. "ನಾನು ಹೇಳಿರಲಿಲ್ಲವೇ" ಎಂದೆ. ಕಪ್ಪು ಗೆದ್ದ ವರ್ಷ ತಪ್ಪು ಹುಡುಕಿ, ಸೋತ ವರ್ಷ ಸರಿ ಅನ್ನಿಸಿಕೊಂಡವನ ಆ ತೃಪ್ತಿ ಎಂಥದ್ದು ಎಂದು ಈಗ ಯೋಚಿಸಿದರೆ ಸ್ವಲ್ಪ ಮುಜುಗರ.

ಆದರೂ ಈ ವಾದದ ಒಂದು ಗುಣವನ್ನು ಹೇಳಲೇಬೇಕು. ಪ್ಲಾಂಟಿನಲ್ಲಿ ಕೆಮಿಸ್ಟ್ ಹೇಳಿದ್ದನ್ನು ಆಪರೇಟರ್ ಕೇಳುತ್ತಾನೆ, ಆಪರೇಟರ್ ಹೇಳಿದ್ದನ್ನು ಹೆಲ್ಪರ್ ಕೇಳುತ್ತಾನೆ. ಉಪ್ಪಿನ ಡಬ್ಬಿಯ ಸುತ್ತ ಕೂತಾಗ ಆ ಏಣಿ ಇಲ್ಲ. ಕಾಂಟ್ರಾಕ್ಟ್ ಮೇಲಿರುವ ವಿಜಯಪುರದ ಫಿಟ್ಟರ್, ಎಂಎಸ್‌ಸಿ ಓದಿದ ಕಲಬುರಗಿಯವನಿಗೆ "ನಿನಗ ಆಟ ಕಾಣಂಗಿಲ್ಲ" ಅನ್ನಬಹುದು. ಅನ್ನುತ್ತಾನೆ ಕೂಡ.

ಆಟಗಾರರ ಆಯ್ಕೆಯ ಜಗಳ ಇದಕ್ಕಿಂತ ಬಿಸಿ, ಯಾಕೆಂದರೆ ಅಲ್ಲಿ ನಮ್ಮ ನಮ್ಮ ಬದುಕು ನುಸುಳಿಕೊಳ್ಳುತ್ತದೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಪಂದ್ಯ ಆಡಿ ಛೇತ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು. ಮುಂದಿನ ಐಎಸ್‌ಎಲ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಬೆಂಗಳೂರಿಗಾಗಿ 14 ಗೋಲು ಹೊಡೆದರು. 2025ರ ಮಾರ್ಚ್‌ನಲ್ಲಿ ಕೋಚ್ ಮನೋಲೊ ಮಾರ್ಕ್ವೆಜ್ ಅವರನ್ನು ಮತ್ತೆ ಕರೆದರು. ಸಂಡೂರಿನವನು ಕುಣಿದಾಡಿದ. "ಅಂವ ಕುಂತ್ರ ಗೋಲ್ ಹೊಡಿಯೋರು ಯಾರು?" ವಿಜಯಪುರದವನು, "ಅಂವ ಆಡಿದ್ರ ಹುಡುಗರು ಕಲಿಯೋದು ಯಾವಾಗ?" ಅವನ ಪ್ಲಾಂಟಿನಲ್ಲಿ ನಿವೃತ್ತರಾದ ಹಿರಿಯರಿಗೆ ಮತ್ತೆ ಮತ್ತೆ ಒಂದೊಂದು ವರ್ಷ ವಿಸ್ತರಣೆ ಸಿಗುತ್ತಿತ್ತು. ಅವರ ಜಾಗಕ್ಕೆ ಕಾದು ಕೂತವನು ಇವನೇ. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಛೇತ್ರಿಯ ಬಗ್ಗೆಯೇ ಮಾತಾಡಿದೆವು. ಅಕ್ಟೋಬರ್ 14ರಂದು ಭಾರತ ಗೋವಾದಲ್ಲಿ ಸಿಂಗಾಪುರಕ್ಕೆ 2–1ರಿಂದ ಸೋತು ಏಷ್ಯನ್ ಕಪ್ ದಾರಿ ಮುಚ್ಚಿತು. ಅಷ್ಟರಲ್ಲಿ ಕೋಚ್ ಕೂಡ ಬದಲಾಗಿದ್ದರು. ಇಬ್ಬರೂ ತಮ್ಮ ವಾದವೇ ಸರಿಯಾಯಿತು ಎಂದು ಈಗಲೂ ನಂಬಿದ್ದಾರೆ.

ಇಲ್ಲಿಯವರೆಗೆ ನನ್ನದು ಸಣ್ಣ ತಕರಾರು. ದೊಡ್ಡದು 2023ರ ಮಾರ್ಚ್‌ನ ಒಂದು ಶುಕ್ರವಾರ, ಒಂದು ಶನಿವಾರಕ್ಕೆ ಸಂಬಂಧಿಸಿದ್ದು. ಶುಕ್ರವಾರ, ಮಾರ್ಚ್ 3. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀ ಕಿಕ್ಕನ್ನು ಛೇತ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ತಂಡವನ್ನು ಮೈದಾನದಿಂದಲೇ ಕರೆದುಕೊಂಡು ಹೋದರು. ಆಮೇಲೆ ಅವರಿಗೆ ಹತ್ತು ಪಂದ್ಯ ನಿಷೇಧ, ಕ್ಲಬ್ಬಿಗೆ ನಾಲ್ಕು ಕೋಟಿ ದಂಡ. ನಾವು ಎಷ್ಟು ವಾರ ಜಗಳವಾಡಿದೆವೋ ಲೆಕ್ಕವಿಲ್ಲ. ರೆಫ್ರಿ ಸೀಟಿ ಊದಬೇಕಿತ್ತೇ, ಅದು ಜಾಣತನವೋ ಕಳ್ಳತನವೋ, ನಿಯಮಪುಸ್ತಕ ಏನು ಹೇಳುತ್ತದೆ. ನಮ್ಮ ಕ್ಯಾಂಟೀನಿನಲ್ಲಿ ಮಲಯಾಳಿ ಸಹೋದ್ಯೋಗಿಗಳ ಜೊತೆ ಒಂದು ತಿಂಗಳು ಮಾತು ಬಿಟ್ಟವರಿದ್ದರು.

ಮರುದಿನ, ಶನಿವಾರ, ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ, 54 ವರ್ಷಗಳ ನಂತರ. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್. ಈ ಮೂರು ಹೆಸರನ್ನು ಒಮ್ಮೆ ಜೋರಾಗಿ ಓದಿ. ಇದು ಇವತ್ತಿನ ಕರ್ನಾಟಕ. ಆ ಸಂಜೆ ನಮ್ಮ ರೂಮಿನಲ್ಲಿ ಒಬ್ಬನೂ ಆ ಪಂದ್ಯ ನೋಡಲಿಲ್ಲ. ನನಗೆ ಸುದ್ದಿ ತಿಳಿದದ್ದು ಮರುದಿನ. "ಓಹೋ, ಗೆದ್ದರಂತೆ" ಎಂದೆವು, ಮತ್ತೆ ಛೇತ್ರಿಯ ಫ್ರೀ ಕಿಕ್ಕಿಗೆ ವಾಪಸಾದೆವು.

ಹಾಗೆಂದು ನಮಗೆ ಇತಿಹಾಸ ಇಲ್ಲವೇ? ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬಾಂಬೆಗೆ ಹೋಗಿ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ ಗೆದ್ದು ತಂದಿತ್ತು. 1938ರಲ್ಲಿ ಮತ್ತೊಮ್ಮೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರಾದರು. ಹಲಸೂರಿನವನಾಗಿ ನಾನು ಅವರ ಹೆಸರು ಮೊದಲ ಸಲ ಕೇಳಿದ್ದು ಇಲ್ಲಿ, ಒಬ್ಬ ಬಂಗಾಳಿ ಶಿಫ್ಟ್ ಇನ್‌ಚಾರ್ಜ್ ಬಾಯಿಂದ. "ನಿಮ್ಮ ಊರಿನವರು, ಗೊತ್ತಿಲ್ಲವಾ?" ಎಂದು ಅವರು ಕೇಳಿದಾಗ ಹೂಂ ಎಂದುಬಿಟ್ಟೆ. ರಾತ್ರಿ ಹುಡುಕಿ ಓದಿದೆ.

ಇನ್ನು ಮಾಲೀಕತ್ವ. ಪುಣೆಯ ಕತೆ ನೋಡಿ. ಪುಣೆ ಎಫ್‌ಸಿ, ಅಶೋಕ್ ಪಿರಮಲ್ ಗ್ರೂಪಿನದು. 2012–13ರ ಐ-ಲೀಗ್‌ನಲ್ಲಿ ಎರಡನೇ ಸ್ಥಾನ ಬಂದಿತ್ತು. 2015ರಲ್ಲಿ ಬಾಗಿಲು ಹಾಕಿತು. ಭಾರತ್ ಎಫ್‌ಸಿ, ಕಲ್ಯಾಣಿ ಗ್ರೂಪಿನದು. ಒಂದೇ ಸೀಸನ್ ಆಡಿ ಹೋಯಿತು. ಡಿಎಸ್‌ಕೆ ಶಿವಾಜಿಯನ್ಸ್ ಎರಡು ಸೀಸನ್ ಐ-ಲೀಗ್ ಆಡಿ 2017ರಲ್ಲಿ ಹಿಂದೆ ಸರಿಯಿತು. ಉಳಿದದ್ದು ವಾಧವಾನ್ ಗ್ರೂಪ್ ಮತ್ತು ಹೃತಿಕ್ ರೋಶನ್ ಒಡೆತನದ ಎಫ್‌ಸಿ ಪುಣೆ ಸಿಟಿ. ಅದೂ 2019ರಲ್ಲಿ ಮುಚ್ಚಿತು. ಐದು ವರ್ಷದೊಳಗೆ ಒಂದು ಊರಿನ ನಾಲ್ಕು ವೃತ್ತಿಪರ ಕ್ಲಬ್ಬು ಮಾಯ. ನಾಲ್ಕೂ ಯಾವುದೋ ಗ್ರೂಪಿನವು. ಯಾವುದೂ ಮುಚ್ಚಿದ್ದು ಲೆಫ್ಟ್ ಬ್ಯಾಕ್ ತಪ್ಪು ಜಾಗದಲ್ಲಿ ನಿಂತದ್ದರಿಂದ ಅಲ್ಲ.

ಎಫ್‌ಸಿ ಪುಣೆ ಸಿಟಿಯ ಜಾಗ ಅಲ್ಲಿಗೇ ನಿಲ್ಲಲಿಲ್ಲ. 2019ರ ಆಗಸ್ಟ್‌ನಲ್ಲಿ ಹೊಸ ಮಾಲೀಕರ ಕೈಗೆ ಹೋಗಿ ಹೈದರಾಬಾದ್ ಎಫ್‌ಸಿ ಆಯಿತು. ಮಾರ್ಸೆಲಿನ್ಯೊ ಹೈದರಾಬಾದಿಗೆ ಹೋದ, ಆಶಿಕ್ ಕುರುಣಿಯನ್ ಬೆಂಗಳೂರಿಗೆ ಬಂದ. ಅದೇ ಹೈದರಾಬಾದ್ ಇದೇ ಮನೋಲೊ ಮಾರ್ಕ್ವೆಜ್ ಕೈಯಲ್ಲಿ 2021–22ರ ಐಎಸ್‌ಎಲ್ ಗೆದ್ದಿತು. ಎರಡೇ ವರ್ಷದಲ್ಲಿ ಸಂಬಳ ಬಾಕಿ, ಆಟಗಾರರ ವಲಸೆ, ಕೊನೆಯ ಸ್ಥಾನ. 2024ರಲ್ಲಿ ಮತ್ತೆ ಮಾರಾಟ, ಈ ಸಲ ಬಿ.ಸಿ. ಜಿಂದಾಲ್ ಗ್ರೂಪಿಗೆ. 2025ರ ಅಕ್ಟೋಬರ್‌ನಲ್ಲಿ ಅದು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಆಗಿ ಗೋವಾದ ಸೂಪರ್ ಕಪ್ ಆಡಲು ಬಂತು. ಪುಣೆ, ಹೈದರಾಬಾದ್, ದೆಹಲಿ. ಕಾಂಟ್ರಾಕ್ಟ್ ಕೆಲಸಗಾರ ಊರು ಬದಲಿಸಿದ ಹಾಗೆ. ವ್ಯತ್ಯಾಸ ಒಂದೇ, ಕೆಲಸಗಾರ ಹೋಗುವಾಗ ಕನಿಷ್ಠ ತನ್ನ ಹೆಸರನ್ನು ಜೊತೆಗೆ ಒಯ್ಯುತ್ತಾನೆ.

ಪುಣೆಗೆ ಇನ್ನೊಂದು ವಿಚಿತ್ರ ನಂಟಿದೆ. 2016 ಮತ್ತು 2017ರ ಐಪಿಎಲ್‌ನಲ್ಲಿ ಎರಡೇ ವರ್ಷ ಇದ್ದ ಇಲ್ಲಿನ ಕ್ರಿಕೆಟ್ ತಂಡದ ಹೆಸರಿನಲ್ಲಿ "ಸೂಪರ್‌ಜೈಂಟ್" ಇತ್ತು. ಅದೇ ಗೋಯೆಂಕಾ ಗ್ರೂಪು ಮುಂದೆ ಮೋಹನ್ ಬಾಗಾನ್‌ಗೂ ಆ ಬಾಲ ಅಂಟಿಸಿತು. 1889ರ ಕ್ಲಬ್ಬಿನ ಕೊರಳಿಗೆ, ಪುಣೆಯಲ್ಲಿ ಖಾಲಿ ಬಿದ್ದಿದ್ದ ಬೋರ್ಡು.

ಆದರೆ ಕೋಲ್ಕತ್ತದವರು ಸುಮ್ಮನಿರಲಿಲ್ಲ. 2020ರಲ್ಲಿ ಮೋಹನ್ ಬಾಗಾನ್ ಹೆಸರಿನ ಮುಂದೆ ಎಟಿಕೆ ಬಂದಾಗ ಅಭಿಮಾನಿಗಳು "ರಿಮೂವ್ ಎಟಿಕೆ" ಎಂದು ವರ್ಷಗಟ್ಟಲೆ ಹಿಡಿದ ಪಟ್ಟು ಬಿಡಲಿಲ್ಲ. 2023ರ ಮಾರ್ಚ್ 18ರಂದು, ಫೈನಲ್‌ನಲ್ಲಿ ನಮ್ಮ ಬೆಂಗಳೂರನ್ನೇ ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿ, ಎಟಿಕೆ ತೆಗೆಯುವುದಾಗಿ ಮಾಲೀಕರು ಹೇಳಬೇಕಾಯಿತು. ಈಸ್ಟ್ ಬೆಂಗಾಲ್‌ನವರು 2021ರ ಜುಲೈ 21ರಂದು ಹೂಡಿಕೆದಾರರ ಒಪ್ಪಂದದ ವಿಷಯಕ್ಕೆ ಕ್ಲಬ್ಬಿನ ಮುಂದೆ ಸೇರಿ ಪೊಲೀಸರ ಲಾಠಿ ತಿಂದರು. ಗಮನಿಸಿ, ಅದು ಆಟಗಾರರ ಆಯ್ಕೆಗಾಗಿ ಅಲ್ಲ, ಒಪ್ಪಂದದ ಕಾಗದಕ್ಕಾಗಿ. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ ಕೆಳಗಿನ ಲೀಗುಗಳಿಂದ ಮತ್ತೆ ಶುರು ಮಾಡಿದರು.

ಪುಣೆಯಲ್ಲಿ ಅಂಥದ್ದು ಆಗಲಿಲ್ಲ. ಆರೆಂಜ್ ಆರ್ಮಿಯವರನ್ನು ನಾನು ದೂರುವುದಿಲ್ಲ. ಕ್ಲಬ್ಬಿಗೆ ಐದು ವರ್ಷ ವಯಸ್ಸು. ಐದು ವರ್ಷದ ಪ್ರೀತಿಯಲ್ಲಿ ಲಾಠಿ ತಿನ್ನುವ ಗಟ್ಟಿತನ ಎಲ್ಲಿಂದ ಬರಬೇಕು? ನನ್ನನ್ನು ನಾನು ದೂರಿಕೊಳ್ಳಬಹುದು. ಬಾಳೆವಾಡಿಯಿಂದ ವಾಪಸು ಬರುವಾಗ, ಸ್ಟೇಷನ್ನಿನ ಬೆಂಚಿನ ಮೇಲೆ ಇಡೀ ರಾತ್ರಿ ನಾನು ಫಾರ್ಮೇಶನ್ ಬರೆಯುತ್ತಿದ್ದೆ. ಈ ಕ್ಲಬ್ಬು ಯಾರದು, ದುಡ್ಡು ಎಲ್ಲಿಂದ ಬರುತ್ತದೆ, ಆ ಕಂಪನಿಗೆ ಏನಾದರೂ ಆದರೆ ಇದರ ಗತಿ ಏನು ಎಂಬ ಪ್ರಶ್ನೆ ತಲೆಗೇ ಬರಲಿಲ್ಲ. ಅದೂ ಎಂಥವನಿಗೆ? ತಾನು ದುಡಿಯುವ ಕಂಪನಿ ಕೈಬದಲಾಗುತ್ತದಂತೆ ಎಂಬ ಗಾಳಿಸುದ್ದಿ ಬಂದರೆ ವಾರವಿಡೀ ನಿದ್ದೆ ಬಾರದವನಿಗೆ.

ಈ ಮಾತಿಗೆ ಸಂಡೂರಿನವನ ಎದುರುತ್ತರ ಗಟ್ಟಿಯಾಗಿದೆ. ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯುದು. ಅವನ ಊರಿನ ಪಕ್ಕದ ತೋರಣಗಲ್ಲಿನಲ್ಲಿ ಅದರ ಉಕ್ಕಿನ ಕಾರ್ಖಾನೆ, ಅಲ್ಲೇ ಕ್ರೀಡಾ ಸಂಸ್ಥೆ, ತಂಡ ಅಲ್ಲಿಗೇ ತರಬೇತಿಗೆ ಬರುತ್ತದೆ. "ಕಂಪನಿ ಇಲ್ಲದಿದ್ರ ಬಿಎಫ್‌ಸಿ ಎಲ್ಲಿತ್ತು? 2013ಕ್ಕ ಮೊದ್ಲ ನೀವು ಬೆಂಗಳೂರಿನವ್ರು ಏನ್ ನೋಡ್ತಿದ್ರಿ?" ನಿಜ. ನಾವು ಇಂಗ್ಲೆಂಡ್ ನೋಡುತ್ತಿದ್ದೆವು. ಹಿಂದೆಯೂ ಬೆಂಗಳೂರಿನ ಫುಟ್‌ಬಾಲ್ ಕಂಪನಿಗಳ ಮೇಲೆಯೇ ನಿಂತಿತ್ತಲ್ಲ, ಐಟಿಐ, ಎಚ್‌ಎಎಲ್. ಆದರೆ ಅಲ್ಲಿ ಆಟಗಾರ ಕಾರ್ಖಾನೆಯ ನೌಕರನೂ ಆಗಿದ್ದ. ತಂಡ ಸೋತರೂ ಅವನ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು. ಈಗ ಹಾಗಲ್ಲ. 2025ರ ಜುಲೈನಲ್ಲಿ ಫೆಡರೇಶನ್ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ಇತ್ಯರ್ಥವಾಗದೆ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಏಪ್ರಿಲ್‌ನಲ್ಲಿ ಫೈನಲ್ ಆಡಿದ ತಂಡ. ಆಗ ನಾಲ್ಕು ತಿಂಗಳೂ ಆಗಿರಲಿಲ್ಲ.

ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಹನ್ನೆರಡು ವರ್ಷದಿಂದ ಹಾಡಿ ಹಾಡಿ ಆ ಸ್ಟ್ಯಾಂಡನ್ನು ಕಟ್ಟಿದ್ದಾರೆ. ಆದರೆ ಜರ್ಮನಿಯ ಕ್ಲಬ್ಬುಗಳ ಸದಸ್ಯರಿಗೆ ಇರುವಂಥ ಮತ ಅವರಿಗಿಲ್ಲ. ಇದರ ಬಗ್ಗೆ ಕನ್ನಡದಲ್ಲಿ ಒಂದು ಗಟ್ಟಿ ಲೇಖನ ನಾನಿನ್ನೂ ಓದಿಲ್ಲ. ಕ್ವಾದ್ರಾತ್‌ನ ಕಾರ್ನರ್‌ಗಳ ಬಗ್ಗೆ ನಾನೇ ನಲವತ್ತು ಪುಟ ಬರೆದಿಟ್ಟಿದ್ದೇನೆ.

ಆ ಭಾನುವಾರದ ಜಗಳ ಎಲ್ಲಿಗೆ ಹೋಯಿತು ಎಂದು ಹೇಳಿ ಮುಗಿಸುತ್ತೇನೆ. ಲೆಫ್ಟ್ ಬ್ಯಾಕ್ ವಿಷಯ ಬಗೆಹರಿಯದೆ ಎಲ್ಲರೂ ಸುಸ್ತಾದಾಗ ವಿಜಯಪುರದವನು ಕೇಳಿದ: "ಅಲ್ಲೋ, ಆ ಟೀಮ್ ಮುಚ್ಚಿದ ಮ್ಯಾಲ ಆ ಗ್ರೌಂಡಿನ ಹುಲ್ಲು ನೋಡಿಕೊಳ್ಳಾವ್ರು, ಬಸ್ ಡ್ರೈವರು, ಅಡಗಿಯವ್ರು, ಅವ್ರಿಗೆ ಏನ್ ಕೊಟ್ಟಿರಬೇಕು?" ಕಲಬುರಗಿಯವನು ಫೋನು ತೆಗೆದು ಹುಡುಕತೊಡಗಿದ. ಹುಡುಕಲು ಯಾವ ಪದ ಹಾಕಬೇಕು ಎಂದು ಅವನಿಗೂ ಹೊಳೆಯಲಿಲ್ಲ. ಸಂಡೂರಿನವನು ಕಂಪನಿ ಕಾಯ್ದೆ ಅಂದ, ನಾನು ಕಾರ್ಮಿಕ ಕಾಯ್ದೆ ಅಂದೆ. ಒಂದೂವರೆ ಗಂಟೆ ಹೋಯಿತು, ಹೆಚ್ಚೇನೂ ಸಿಗಲಿಲ್ಲ. ಹತ್ತೂವರೆಗೆ ನನ್ನ ನೈಟ್ ಶಿಫ್ಟಿನ ಬಸ್ಸು. ಶೂ ಹಾಕಿಕೊಳ್ಳುವಾಗ ಹಿಂದಿನಿಂದ ಲೋಟ ಸರಿಸುವ ಸದ್ದು ಮತ್ತೆ ಕೇಳಿಸಿತು.